ಹುಣಸೆಯಲ್ಲಿ ತೊಳೆದ ಜರ್ಮನ್ ನಾಣ್ಯಗಳು

ನೆನೆಸಿಟ್ಟ ಹುಣಸೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಗೋಕಾಕದ ನನ್ನ ಅಡುಗೆಮನೆ ಮರೆತು ಹುಕ್ಕೇರಿಯ ದೊಡ್ಡಪ್ಪನ ಪಡಸಾಲೆಯಲ್ಲಿ ನಿಂತುಬಿಡುತ್ತೇನೆ. ನಿಮಗೂ ಹಾಗೆ ಕರೆಯುವ ಮನೆಯೊಂದು ಇದ್ದೀತು. ಮುಂಭಾಗದಲ್ಲಿ ಅವರ ಬೀಜದ ಅಂಗಡಿ. ಗೋವಿನಜೋಳದ ಚೀಲಗಳ ಹಿಂದೆ, ಕಟ್ಟಿಗೆಯ ಪೆಟ್ಟಿಗೆಯೊಂದರಲ್ಲಿ ಅವರು ಜರ್ಮನಿಯ ನಾಣ್ಯ ಕೂಡಿಸಿಟ್ಟಿದ್ದರು. ಅದೂ ಎರಡು ಮಹಾಯುದ್ಧಗಳ ನಡುವಿನವು ಮಾತ್ರ. ಮೊದಲ ಎರಡನ್ನು ಕೊಟ್ಟವರು ಎರಡನೇ ಯುದ್ಧದಲ್ಲಿ ಜರ್ಮನ್ನರಿಗೆ ಸೆರೆಸಿಕ್ಕು ಬದುಕಿ ಬಂದಿದ್ದ, ದಡ್ಡಿ ಎಂಬ ಊರಿನ ಮುದುಕರೊಬ್ಬರು. ಆಮೇಲೆ ದೊಡ್ಡಪ್ಪ ಮೂಡಲಗಿ, ಗೋಕಾಕಕ್ಕೆ ಹೋದಾಗಲೆಲ್ಲ ಸರಾಫರ ಅಂಗಡಿ ಹೊಕ್ಕು, ಕರಗಿಸಲು ಬಂದ ಹಳೆಯ ಬೆಳ್ಳಿ-ತಾಮ್ರದ ರಾಶಿ ಕೆದಕುತ್ತಿದ್ದರು. ಮಿರಜದ ವ್ಯಾಪಾರಿಯೊಬ್ಬರಿಗೆ ಪತ್ರ ಬರೆದು ತರಿಸುತ್ತಿದ್ದರು. ಮಕ್ಕಳಿಲ್ಲದ ಮನೆ. ಅಲ್ಲೇ ಇದ್ದು ಶಾಲೆಗೆ ಹೋಗುತ್ತಿದ್ದ ಹತ್ತು ವರ್ಷದ ನನ್ನನ್ನು ಗಿರಾಕಿಗಳಿಲ್ಲದ ಮಧ್ಯಾಹ್ನ ಬಾಜೂಕ್ಕೆ ಕೂರಿಸಿಕೊಂಡು ತೋರಿಸುವರು. “ಇದರ ಮ್ಯಾಲ ಇನ್ನೂರು ಮಾರ್ಕ್ ಅಂತ ಬರದೈತಿ. ಹಿಡದ ನೋಡ, ಒಣಗಿದ ಎಲಿಯಷ್ಟ ಹಗರ.” ಅವರಿಗೆ ಪ್ರೀತಿಯದು ಗೋಧಿ ತೆನೆಯ ಸಿವುಡಿನ ಚಿತ್ರವಿದ್ದ ಕಂಚಿನ ಬಿಲ್ಲೆ. “ಅಂಚ ಹಿಡಿ, ಪದ್ಮಾ. ಈ ಕಂದು ಬಣ್ಣ ಹೊಲಸಲ್ಲ, ಅದರ ವಯಸ್ಸು. ತಿಕ್ಕಿದರ ನಾಣ್ಯ ಸತ್ತಂಗ.”

ಒಂದು ಬೆಳಿಗ್ಗೆ ಚೀಲ ಎತ್ತುವಾಗ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ದೊಡ್ಡವ್ವ ಏನೆಲ್ಲ ಮಾಡಿದಳು! ಬಿಸಿ ಹಾಲು ಹಿಡಿದಳು, ರೇಡಿಯೊ ಹಚ್ಚಿದಳು. ಅವರು ಗೋಡೆಯತ್ತ ಮುಖ ತಿರುವಿ ಮಲಗುತ್ತಿದ್ದರು. ಒಂದು ದಿನ ನಾನು ಶಾಲೆಯಿಂದ ಬಂದಾಗ ಪಡಸಾಲೆ ತುಂಬ ಹುಣಸೆಯ ಹುಳಿ ವಾಸನೆ. ಎಂದೂ ಆ ಪೆಟ್ಟಿಗೆ ಮುಟ್ಟದಿದ್ದ ದೊಡ್ಡವ್ವ ಅಷ್ಟೂ ನಾಣ್ಯಗಳನ್ನು ದೇವರ ಸಮೆ ದೀಪ, ತಂಬಿಗೆ ತಿಕ್ಕಿದಂತೆ ತಿಕ್ಕಿ, ಬಿಳಿ ಪಂಚೆಯ ಮೇಲೆ ಹರವಿದ್ದಳು. ಕಂಚು ಹಸಿ ಗಾಯದಂತೆ ಕೆಂಪಗಾಗಿತ್ತು. ಹಗುರ ನಾಣ್ಯಗಳ ಮೇಲೆ ಕಪ್ಪು ಕಲೆ ಎದ್ದಿದ್ದವು.

“ನೋಡ್ರಿ, ಹೆಂಗ ಹೊಳಿಯಾಕತ್ತಾವು!” ಎಂದು ಅವರ ತಲೆ ಎತ್ತಿ ಹಿಡಿದಳು. ದೊಡ್ಡಪ್ಪ ನೋಡಿದರು. ಗಂಟಲಲ್ಲಿ ಏನೋ ಗೊರಗುಟ್ಟಿತು, ಕಣ್ಣಿಂದ ನೀರು ಇಳಿಯಿತು. “ಪದ್ಮಾ, ಖುಷಿಗೆ ಕಣ್ಣಾಗ ನೀರ ಬಂದಾವ ನೋಡ!” ಎಂದು ದೊಡ್ಡವ್ವ ತಾನೂ ಅತ್ತಳು. ಅವರ ದೃಷ್ಟಿ ನನ್ನತ್ತ ಹೊರಳಿತು. ಹೇಳು ಎಂದೋ, ಹೇಳಬೇಡ ಎಂದೋ, ನನಗೆ ಇಂದಿಗೂ ತಿಳಿದಿಲ್ಲ. ನಾನು ಪಾಟಿಚೀಲವನ್ನು ಗೂಟಕ್ಕೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಅವರು ಎಡಗೈಯನ್ನು ಮೆಲ್ಲಗೆ ಸರಿಸಿ, ಹುಳಿಗೆ ಬಿರಿದಿದ್ದ ಆಕೆಯ ಬೆರಳುಗಳ ಮೇಲಿಟ್ಟರು. ಆಮೇಲೆ ಹದಿನೈದು ದಿನಕ್ಕೊಮ್ಮೆ ಆಕೆ ತಿಕ್ಕಿದಳು. ಪ್ರತಿ ಸಲವೂ ಅವರು ನೋಡಿದರು. ಚಳಿಗಾಲಕ್ಕೆ ಹೋಗಿಬಿಟ್ಟರು.

ದೊಡ್ಡವ್ವ ಹೋದ ವರ್ಷ ನನ್ನ ಮನೆಯಲ್ಲೇ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಎಲ್ಲ ಮರೆತರೂ ಒಂದನ್ನು ಮಾತ್ರ ಕೇಳುತ್ತಿದ್ದಳು: “ಅವತ್ತ ಅವರಿಗೆ ಭಾಳ ಖುಷಿ ಆಗಿತ್ತಲ್ಲಾ?”

“ಹೌದ ದೊಡ್ಡವ್ವಾ, ಭಾಳ.”

ಆ ಮನೆಯ ವಿಷಯ ನನ್ನನ್ನು ಕೇಳುವವರು ಈಗ ಯಾರೂ ಉಳಿದಿಲ್ಲ.