ಅಳಿಸಿ ಹಾಕಿದ ತಮಿಳು

ಇದು ನಡೆದದ್ದು ನಮ್ಮ ಮನೆಯಲ್ಲೇ, ಉರಿಗಾಂನ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ, ಇದೇ ವಾರ. ಬಂಗಾರಪೇಟೆಯ ಡಿಟಿಪಿ ಅಂಗಡಿಯಲ್ಲಿ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವವಳು ನಾನು. ದೆವ್ವದ ಕತೆ ಹೇಳುವವರನ್ನು ಸಾಕಷ್ಟು ಗೇಲಿ ಮಾಡಿದ್ದೇನೆ. ಈಗ ಯಾರಾದರೂ ಬಂದು, ಇದೆಲ್ಲ ನಿನ್ನ ಭ್ರಮೆ ಅಂತ ತೋರಿಸಿಕೊಟ್ಟರೆ ಅವರ ಕಾಲಿಗೆ ಬೀಳುತ್ತೇನೆ.

ಅಪ್ಪ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿತು, ಅದರ ಧೂಳು ಮಾತ್ರ ಅವರ ಎದೆ ಬಿಟ್ಟು ಹೋಗಲಿಲ್ಲ. ಮೇಲಿಂದ ಲಕ್ವ ಹೊಡೆದು ಮಾತೂ ನಿಂತಿತು. ಅಂದಿನಿಂದ ಅಪ್ಪನ ಬಾಯಿ ಅಂದರೆ ನನ್ನ ಹಳೇ ಲ್ಯಾಪ್‌ಟಾಪು. ಅದರಲ್ಲಿ ಮಾತಾಡುವ ಒಂದು ಆ್ಯಪ್ ಇದೆ. ಲೋಟ, ತಟ್ಟೆ, ಬಟ್ಟೆ, ಔಷಧಿ ಅಂತ ಚಿತ್ರಗಳು. ಅಪ್ಪ ಎಡಗೈಯಲ್ಲಿ ಮೌಸ್ ಸರಿಸಿ ಒಂದನ್ನು ಒತ್ತಿದರೆ ಹೆಣ್ಣುದನಿಯೊಂದು "ನೀರು ಬೇಕು" ಅನ್ನುತ್ತದೆ. ಅಷ್ಟೇ. ಆದರೆ ನಮಗೆ ಅದೇ ಬೆಟ್ಟದಷ್ಟು.

ಆ ರಾತ್ರಿ ಅಪ್ಪನ ಉಸಿರು ಗೊರಗೊರ ಅನ್ನತೊಡಗಿತು. ಎದೆ ನೋವೇ, ಬಾಯಿಗೆ ಹಿಡಿಯುವ ಔಷಧಿಯ ಪಂಪು ಬೇಕೇ, ಎತ್ತಿ ಕೂರಿಸಬೇಕೇ... ಒಂದೂ ತಿಳಿಯದು. ಲ್ಯಾಪ್‌ಟಾಪ್ ತೆಗೆದರೆ ಆ್ಯಪ್ ತೆರೆಯಲೇ ಇಲ್ಲ. ಡಿಸ್ಕ್ ತುಂಬಿದೆ, ಜಾಗ ಇಲ್ಲ ಅಂತ ಒಂದೇ ಹಟ.

"ಅಪ್ಪಾ, ವಸಿ ತಡಕೋ. ಈಗ್ಲೇ ಸರಿ ಮಾಡ್ತೀನಿ" ಅಂದೆ.

ಫೋಟೋ, ಹಾಡು ಎಲ್ಲ ಹಿಂದೆಯೇ ಅಳಿಸಿ ಮುಗಿದಿತ್ತು. ಉಳಿದದ್ದು ಆ್ಯಪ್‌ಗಳ ಹೊಟ್ಟೆಯೊಳಗಿನ ಬೇಡದ ಕೋಡ್. ಒಂದೇ ಆ್ಯಪನ್ನು ಎರಡು ಬಗೆಯ ಯಂತ್ರಗಳಿಗೆ ಆಗುವಂತೆ ಮಾಡಿರುತ್ತಾರೆ. ನಮ್ಮಲ್ಲಿಲ್ಲದ ಯಂತ್ರದ ಪಾಲು ಸುಮ್ಮನೆ ಜಾಗ ತಿನ್ನುತ್ತಿರುತ್ತದೆ. ಅದನ್ನು ಕಿತ್ತೆ. ಸಾಲಲಿಲ್ಲ. ಆಮೇಲೆ ಮಾತಾಡುವ ಆ್ಯಪಿನೊಳಗಿನ ಭಾಷೆಗಳಿಗೆ ಕೈ ಹಾಕಿದೆ. ಹಿಂದಿ ಹೋಯಿತು, ತೆಲುಗು ಹೋಯಿತು. ತಮಿಳಿನ ಮುಂದೆ ಒಂದು ಗಳಿಗೆ ತಡೆದೆ. ನಮ್ಮದು ಕಾಮಸಮುದ್ರದ ಕಡೆಯ ಕನ್ನಡದ ಮನೆ, ನಮಗ್ಯಾಕೆ ಅಂದುಕೊಂಡು ಅದನ್ನೂ ಅಳಿಸಿದೆ.

ಆ್ಯಪ್ ತೆರೆಯಿತು. ಅಪ್ಪ ಔಷಧಿಯ ಚಿತ್ರ ಒತ್ತಿದರು. ಪಂಪು ಹಿಡಿದೆ. ಉಸಿರು ಒಂದು ಹದಕ್ಕೆ ಬಂತು. ನಾನು ಮಂಚದ ಕಾಲಿಗೆ ಒರಗಿ ಕುಳಿತು ಅತ್ತುಬಿಟ್ಟೆ.

ಹಾಗೇ ಕಣ್ಣು ಹತ್ತಿರಬೇಕು. ಎಚ್ಚರವಾದದ್ದು ವಾಸನೆಗೆ... ಒದ್ದೆ ಕಲ್ಲು, ಸಿಡಿಮದ್ದಿನ ಹೊಗೆ. ನಾನು ಚಿಕ್ಕವಳಿದ್ದಾಗ ಶಿಫ್ಟ್ ಮುಗಿಸಿ ಬಂದ ಅಪ್ಪನ ಅಂಗಿಯಲ್ಲಿ ಇರುತ್ತಿದ್ದ ವಾಸನೆ ಅದು.

ಲ್ಯಾಪ್‌ಟಾಪ್ ಮಾತಾಡಿತು. ಆ ಹೆಣ್ಣುದನಿಯಲ್ಲ. ಒಬ್ಬ ಗಂಡಸು, ಗಂಟಲಲ್ಲಿ ಕೆಮ್ಮು ಇಟ್ಟುಕೊಂಡೇ ಮಾತಾಡುವವನು.

"ಮುನಿಯಪ್ಪಾ... ವಾಪ್ಪಾ. ಕೇಜ್ ನಿಕ್ಕುದು."

ತಮಿಳು! ಮುನಿಯಪ್ಪ ನಮ್ಮ ಅಪ್ಪನ ಹೆಸರು. ಕೇಜ್ ಅಂದರೆ ಕೆಲಸಗಾರರನ್ನು ಗಣಿಯೊಳಕ್ಕೆ ಇಳಿಸುತ್ತಿದ್ದ ಕಬ್ಬಿಣದ ಪಂಜರ. ಬಾಪ್ಪಾ, ಕೇಜ್ ಕಾಯ್ತಾ ನಿಂತಿದೆ ಅಂತ ಯಾರೋ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪನ ಕೈ ಎದೆಯ ಮೇಲಿತ್ತು, ಮೌಸ್ ದೂರ ಬಿದ್ದಿತ್ತು. ಪರದೆ ನೋಡಿದೆ. ತಮಿಳು ಇರಲಿಲ್ಲ, ನಾನೇ ಅಳಿಸಿದ್ದೆ.

ಅಪ್ಪನ ಕಣ್ಣು ತೆರೆದಿತ್ತು. ಮುಖದಲ್ಲಿ ನಗು. ಲಕ್ವ ಹೊಡೆದ ಮೇಲೆ ಒಂದು ಶಬ್ದವೂ ಹೊರಡದ ಆ ಬಾಯಿ ಸ್ಪಷ್ಟವಾಗಿ ಹೇಳಿತು.

"ವರೇನ್."

ಬರ್ತೀನಿ ಅಂತ. ಮನೆಯಲ್ಲಿ ನಾವು ಕನ್ನಡದವರೇ. ಆದರೆ ಅಪ್ಪ ನೆಲದಡಿಯಲ್ಲಿ ಬದುಕಿದ್ದು, ಹೆದರಿದ್ದು, ನಕ್ಕಿದ್ದು ಎಲ್ಲ ತಮಿಳಿನಲ್ಲಿ. ಅದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಅಪ್ಪನ ಉಸಿರು ಮತ್ತೆ ನಿಧಾನವಾಗುತ್ತಿತ್ತು... ಒಂದು, ಆಮೇಲೆ ದೊಡ್ಡ ಅಂತರ, ಆಮೇಲೆ ಇನ್ನೊಂದು. ಭುಜ ಹಿಡಿದು ಅಲ್ಲಾಡಿಸಿದೆ. ಅವರು ನನ್ನನ್ನು ನೋಡಲೇ ಇಲ್ಲ. ಲ್ಯಾಪ್‌ಟಾಪಿನ ಗುಂಡಿ ಒತ್ತಿ ಹಿಡಿದೆ. ಪರದೆ ಕಪ್ಪಾಯಿತು. ದನಿ ನಿಲ್ಲಲಿಲ್ಲ.

ನಮ್ಮ ಲೈನ್ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಅಪ್ಪಂದಿರಿಗೆ ಮೈ ಸರಿಯಿಲ್ಲದ ದಿನ ಮನೆಯ ಮಕ್ಕಳು ಗಣಿಯ ಬಾಯಿಗೆ, ಶಾಫ್ಟ್ ಹತ್ತಿರ ಓಡಿಹೋಗಿ ಮೇಸ್ತ್ರಿಗೆ ಹೇಳಬೇಕು. ಬರಲ್ಲ ಅಂತಷ್ಟೇ ಹೇಳಿದರೆ ಮೇಸ್ತ್ರಿ ಬೈಯುತ್ತಿದ್ದ. ಯಾವಾಗ ಬರುತ್ತಾರೆ ಅಂತ ದಿನ ಹೇಳಲೇಬೇಕು. ನಾನು ಎಷ್ಟೋ ಸಲ ಓಡಿದ್ದೇನೆ. ಗಾಬರಿಯಲ್ಲಿ ನನ್ನ ನಾಲಿಗೆ ಹಿಡಿದದ್ದು ಅದೇ ಹಳೇ ದಾರಿ.

"ಅಪ್ಪಾಕ್ಕು ಒಡಂಬು ಸರಿಯಿಲ್ಲೆಣ್ಣಾ" ಅಂದೆ ಆ ಕಪ್ಪು ಪರದೆಗೆ. "ತಿಂಗಕ್ಕೆಳಮೆ ವರುವಾರು."

ಅಪ್ಪನಿಗೆ ಮೈ ಸರಿಯಿಲ್ಲಣ್ಣಾ. ಸೋಮವಾರ ಬರ್ತಾರೆ.

ಒಂದು ಕೆಮ್ಮು... ಆಮೇಲೆ, "ಸರಿಮ್ಮಾ."

ವಾಸನೆ ಹೋಯಿತು. ಅಪ್ಪ ದೀರ್ಘವಾಗಿ ಉಸಿರೆಳೆದು ನಿದ್ದೆ ಹೋದರು.

ಬೆಳಗ್ಗೆ ಪಕ್ಕದ ಮನೆಯ ಸೆಲ್ವಿ ಅಕ್ಕ ಬಂದರು. ಎರಡು ಮನೆಗೂ ಒಂದೇ ಗೋಡೆ, ನಮ್ಮ ಕೆಮ್ಮು ಅವರಿಗೆ ಕೇಳುತ್ತದೆ, ಅವರ ಒಗ್ಗರಣೆ ನಮಗೆ. ರಾತ್ರಿ ಯಾರು ಬಂದಿದ್ದು, ಶಿಫ್ಟಿಗೆ ಕರೆದ ಹಾಗೆ ಕೇಳಿಸಿತು ಅಂದರು. ಕನಸು ಅಂದುಕೊಳ್ಳುವ ದಾರಿಯೂ ಮುಚ್ಚಿತು. ನಡೆದದ್ದೆಲ್ಲ ಹೇಳಿದೆ. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಐಯೋ ಮಂಜು, ದಿನ ಯೇಳ್ಬಿಟ್ಯಾಮ್ಮಾ?"

ಅಂದಿನಿಂದ ಅಪ್ಪ ಚೆನ್ನಾಗಿದ್ದಾರೆ. ಅದೇ ನನಗೆ ಹೆದರಿಕೆ. ಮುದ್ದೆ ಉಣ್ಣುತ್ತಾರೆ, ಗೊರಗೊರ ಇಲ್ಲ. ಡಾಕ್ಟರು ಎದೆ ನೋಡಿ ಪರವಾಗಿಲ್ಲ ಅಂದರು.

ಇವತ್ತು ಭಾನುವಾರ. ನಾಳೆಯೇ ನಾನು ಹೇಳಿದ ಸೋಮವಾರ. ಮಧ್ಯಾಹ್ನದಿಂದ ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ. ತಮಿಳನ್ನು ವಾಪಸ್ ಹಾಕಬೇಕು, ಆ ಗಂಡಸನ್ನು ಕರೆದು ಮಾತು ಬದಲಾಯಿಸಬೇಕು, ಇನ್ನೊಂದು ದಿನ ಕೇಳಬೇಕು. ಆದರೆ ಡಿಸ್ಕಿನಲ್ಲಿ ಜಾಗ ಇರಲಿಲ್ಲ. ಅಳಿಸಲು ಉಳಿದದ್ದು ಕನ್ನಡ ಒಂದೇ. ಅಳಿಸಿದೆ.

ಈಗ ತಮಿಳು ಇದೆ, ಅದೂ ಹೆಣ್ಣುದನಿಯೇ. ಅಣ್ಣಾ, ಅಣ್ಣಾ ಅಂತ ಎಷ್ಟು ಕರೆದರೂ ಉತ್ತರವಿಲ್ಲ. ಇದೇ ಆ್ಯಪು, ಇದೇ ಪರದೆ. ಅವನು ಇದರಲ್ಲಿ ಇರಲೇ ಇಲ್ಲವೇನೋ...

ಕತ್ತಲಾಯಿತು. ಅಪ್ಪ ಮೌಸ್ ಕಡೆ ಕೈ ಚಾಚಿದರು. ಕೊಟ್ಟೆ. ನೀರು ಕೇಳುತ್ತಾರೆ, ಊಟ ಕೇಳುತ್ತಾರೆ ಅಂದುಕೊಂಡೆ. ಅವರು ಬಟ್ಟೆಯ ಚಿತ್ರ ಒತ್ತಿದರು. ನಾನು ಎದ್ದು ಹೋಗಿ ಪಂಚೆ ತಂದೆ. ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಒತ್ತಿದರು, ಗೋಡೆಯ ಮೊಳೆ ಕಡೆ ತೋರಿಸಿದರು. ಗಣಿಗೆ ಹೋಗುವಾಗ ಹಾಕುತ್ತಿದ್ದ ಖಾಕಿ ಅಂಗಿ ಈಗಲೂ ತೂಗುತ್ತಿರುವುದು ಅಲ್ಲೇ.

ನಾನಿನ್ನೂ ಕೊಟ್ಟಿಲ್ಲ. ಅಪ್ಪ ಒತ್ತುತ್ತಲೇ ಇದ್ದಾರೆ.