ದುಲ್ಕಿಯಲ್ಲಿ ಎಂಟು ಸುತ್ತಿದ್ದು

ತಾರ್ನಾಕದ ಬಾಡಿಗೆ ಮನೆಯಿಂದ ಸಿಕಂದರಾಬಾದಿನ ಕುದುರೆ ಕ್ಲಬ್ಬಿಗೆ ನಾನು ಶನಿವಾರ ಬೆಳಗ್ಗೆ ಹೋಗತೊಡಗಿದ ಕಾಲದಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದ ನಮಗೆಲ್ಲ ಏನಾದರೊಂದು ಕಲಿಯುವ ಚಟ ಹತ್ತಿತ್ತು. ಪಕ್ಕದ ಸೀಟಿನವಳು ಸಾಲ್ಸಾ ಕಲಿಯುತ್ತಿದ್ದಳು. ಎದುರಿನವನು ಗಿಟಾರ್ ಕೊಂಡು ಬೀರುವಿನ ಮೇಲಿಟ್ಟಿದ್ದ. ಅವೆರಡಕ್ಕೂ ತಾಳಜ್ಞಾನ ಬೇಕೆಂದು ನಾನು ಕುದುರೆ ಸವಾರಿ ಆರಿಸಿಕೊಂಡೆ. ಅದಕ್ಕೂ ತಾಳಜ್ಞಾನವೇ ಬೇಕೆಂದು ಯಾರೂ ಹೇಳಿರಲಿಲ್ಲ.

ಕಲಿಸುತ್ತಿದ್ದವರು ಬೀದರ ಕಡೆಯವರು, ಸೈನ್ಯದ ಲಾಯದಲ್ಲಿದ್ದು ನಿವೃತ್ತರಾದವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನು ಮಂಗಳೂರಿನವಳೆಂದು ಗೊತ್ತಾದ ಮೇಲೆ ನನ್ನನ್ನು ಕನ್ನಡದಲ್ಲಿ, ಉಳಿದವರನ್ನು ಹಿಂದಿಯಲ್ಲಿ ಬೈಯುತ್ತಿದ್ದರು. ಕುದುರೆ ಮೈ ಕುಲುಕಿಸುತ್ತ ಓಡುವುದಕ್ಕೆ ದುಲ್ಕಿ ಎನ್ನುತ್ತಾರೆ. ಅದರ ಒಂದು ಹೆಜ್ಜೆಗೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ಮೈ ಏಳಬೇಕು, ಲಗಾಮು ಹಿಡಿದ ಕೈ ಏಳಬಾರದು. ಕೈ ಎದ್ದರೆ ಕುದುರೆಯ ಬಾಯಿ ಜಗ್ಗಿ ಅದರ ಹೆಜ್ಜೆ ಕೆಡುತ್ತದೆ. ಇಷ್ಟನ್ನು ಮೂರು ತಿಂಗಳು ಕೇಳಿಸಿಕೊಂಡೆ.

ನಾಲ್ಕನೇ ತಿಂಗಳು ನನ್ನ ಕಂದು ಕುದುರೆ ತಿರುಗಬೇಕಾದಲ್ಲೆಲ್ಲ ತಿರುಗತೊಡಗಿತು. ಒಂದು ವಾರ ಊಟದ ಹೊತ್ತಿನಲ್ಲಿ ಇದನ್ನೇ ಹೇಳಿ ಆಫೀಸಿನವರ ತಲೆ ತಿಂದೆ.

ಅಷ್ಟರಲ್ಲಿ ಉಸ್ತಾದರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ತಿಂಗಳ ನಂತರ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದು, ಎಂದಿನಂತೆ ಮರಳಿನ ಅಂಗಳದ ನಡುವೆ ನಿಂತರು. ನಾನು ಕುದುರೆಗೆ ಹಿಮ್ಮಡಿ ತಾಗಿಸಿದೆ. ಅದು ನಿಧಾನವಾಗಿ ಅವರ ಮುಂದೆ ಹೋಗಿ ನಿಂತು ಅವರ ಬಾಯಿಯನ್ನೇ ನೋಡಿತು. ಇಷ್ಟು ದಿನ ಅದನ್ನು ತಿರುಗಿಸಿದ್ದು ಅವರು ಕೂಗುತ್ತಿದ್ದ "ಘೂಮ್", ನಾನಲ್ಲ. ನಾನು ಜೀನಿನ ಮೇಲೆ ಕಟ್ಟಿದ ಸಾಮಾನು. ಎಷ್ಟು ನಾಚಿಕೆಯಾಯಿತೆಂದರೆ ಸೋಮವಾರ ಊಟಕ್ಕೆ ಒಬ್ಬಳೇ ಕೂತೆ.

ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತ ಸೇನಾಧಿಕಾರಿ, ಕೆಟ್ಟವರೇನಲ್ಲ. ದನಿಯಿಲ್ಲದವರು ಕಲಿಸುವುದು ಹೇಗೆ ಎಂದು ಕೇಳಿದರು. ನಾಲ್ಕು ಶನಿವಾರಗಳಲ್ಲಿ ಶಿಷ್ಯರಲ್ಲಿ ಒಬ್ಬರಾದರೂ ದುಲ್ಕಿಯಲ್ಲಿ ಇಂಗ್ಲಿಷ್ ಎಂಟರ ಆಕಾರ ಸುತ್ತಿ ತೋರಿಸಿದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ತರಬೇಕಾಗುತ್ತದೆ ಎಂದರು. ಉಳಿದವರು ಮೆಲ್ಲಗೆ ಬೇರೆ ಬ್ಯಾಚಿಗೆ ಜಾರಿಕೊಂಡರು. ನನಗೆ ಜಾರಲು ದಾರಿಯಿರಲಿಲ್ಲ. ಉಸ್ತಾದರು ಈಗ ಹೇಳುವುದನ್ನೆಲ್ಲ ಜೇಬಿನ ಪುಸ್ತಕದಲ್ಲಿ ಬರೆಯುತ್ತಿದ್ದರು, ಬರೆಯಲು ಬರುತ್ತಿದ್ದದ್ದು ಕನ್ನಡ ಮಾತ್ರ, ಅದನ್ನು ಓದಬಲ್ಲವಳು ಅಲ್ಲಿ ನಾನೊಬ್ಬಳೇ. ಮೊದಲ ದಿನವೇ ಬರೆದು ತೋರಿಸಿದರು: "ಮನ್ಯಾಗ ಕುಂತ್ರ ನಾ ಉಳಿಯಂಗಿಲ್ರಿ ಅಕ್ಕಾರ."

ಮೂರು ಶನಿವಾರ ಹೆಣಗಿದೆ. ಕುದುರೆಯ ಕಿವಿ ನೋಡಬೇಡಿ, ಹೋಗಬೇಕಾದ ಜಾಗ ನೋಡಿ ಎಂದು ಬರೆದರು. ಬೇಲಿಯಾಚೆಯ ಬೇವಿನ ಮರ ನೋಡಿದೆ, ಕುದುರೆ ಉಸ್ತಾದರತ್ತ ನಡೆಯಿತು. ಒಳಗಿನ ಕಾಲು, ಅಂದರೆ ತಿರುಗುವ ಬದಿಯದು, ಒತ್ತಿ ಎಂದು ಬರೆದರು. ಒತ್ತಿದೆ, ಕುದುರೆ ಅರ್ಧ ಸುತ್ತು ಹೋಗಿ ಉಸ್ತಾದರತ್ತ ನಡೆಯಿತು. ಅವರ ಒಂದು ಕಣ್ಸನ್ನೆಗೂ ಅದು ಕಾಯುತ್ತಿತ್ತು. ನನಗೆ ಕುದುರೆಯ ಮೇಲೆ ಸಿಟ್ಟು ಬಂತು, ಅದಕ್ಕೆ ನನ್ನ ಮೇಲೆ ಏನೂ ಬರಲಿಲ್ಲ.

ನಾಲ್ಕನೇ ಶನಿವಾರ ಕಾರ್ಯದರ್ಶಿ ಬೇಲಿಗೆ ಒರಗಿ ನಿಂತರು. ನಾನು ಹೊರಡುವ ಮೊದಲು ಉಸ್ತಾದರು ಅಂಗಳದ ತುದಿಗೆ ಹೋಗಿ, ನಮಗೆ ಬೆನ್ನು ಹಾಕಿ, ಲಾಯದ ಗೋಡೆಗೆ ಮುಖ ಮಾಡಿ ನಿಂತರು. ತಮ್ಮ ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದನ್ನು ಅವರು ನೋಡುವಂತೆಯೂ ಇರಲಿಲ್ಲ.

ಕುದುರೆ ಒಮ್ಮೆ ಅತ್ತ ನೋಡಿತು. ಅಲ್ಲಿ ಬೆನ್ನು ಬಿಟ್ಟರೆ ಏನೂ ಇರಲಿಲ್ಲ. ನಾನು ಕಾಲು ಒತ್ತಿದೆ, ಬೇವಿನ ಮರ ನೋಡಿದೆ, ಎದ್ದೆ, ಕೂತೆ. ಎಡ ಸುತ್ತು ಮುಗಿಯಿತು. ನಡುವೆ ಬಂದು ಬಲಕ್ಕೆ ತಿರುಗಿಸಿದೆ. ತಿರುಗಿತು! ಸುತ್ತು ಮುಗಿಸಿ ಬೇಲಿಯ ಬಳಿ ನಿಲ್ಲಿಸಿದಾಗ, ಇನ್ನು ನನಗೆ ಯಾರೂ ಏನೂ ಕಲಿಸಬೇಕಾಗಿಲ್ಲ ಅನ್ನಿಸಿತು.

ಆಯಿತೆಂದು ಕೂಗಿ ಹೇಳಿದ ಮೇಲೆಯೇ ಉಸ್ತಾದರು ತಿರುಗಿದ್ದು. ಬಂದು, ಬರೆದು, ಪುಸ್ತಕ ನನ್ನ ಕೈಗಿಟ್ಟರು. ಏನು ಬರೆದಿದ್ದಾರೆಂದು ಕಾರ್ಯದರ್ಶಿ ಕೇಳಿದರು. ಪುಸ್ತಕದಲ್ಲಿ ಇದ್ದದ್ದು ಇಷ್ಟು:

"ಬಲಕ್ಕ ಹೊಳ್ಳೂಮುಂದ ಕೈ ಎತ್ತೀರಿ."

ಶಾಭಾಸ್ ಎಂದು ಬರೆದಿದ್ದಾರೆ ಎನ್ನಬಹುದಿತ್ತು, ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಲು ಬಾಯಿಯೂ ತೆರೆದಿದ್ದೆ. ಆದರೆ ಉಸ್ತಾದರು ನನ್ನ ಮುಖವನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದಹಾಗೆ ಹಿಂದಿಯಲ್ಲಿ ಹೇಳಿದೆ.

ಬಲಕ್ಕೆ ತಿರುಗುವಾಗ ಕುದುರೆ ತಲೆ ಕೊಡವಿದ್ದನ್ನು ಕಾರ್ಯದರ್ಶಿ ನೋಡಿದ್ದರಂತೆ. ಇವರು ಒಮ್ಮೆಯೂ ತಿರುಗಿ ನೋಡಲಿಲ್ಲವಲ್ಲ ಎಂದು ಉಸ್ತಾದರತ್ತ ಕೈ ತೋರಿಸಿ ನನ್ನನ್ನು ಕೇಳಿದರು. ಇಲ್ಲ ಎಂದೆ. ಉಸ್ತಾದರು ಕಿವಿ ಮುಟ್ಟಿ ತೋರಿಸಿ, ಎರಡು ಬೆರಳಿನಿಂದ ಬೇಲಿಯ ಮೇಲೆ ಗೊರಸಿನ ಸದ್ದು ಬಡಿದರು. ಸಮನಾಗಿ ಬಡಿಯುತ್ತಿದ್ದವರು ಒಂದು ಕಡೆ ತಪ್ಪಿಸಿ, ಅಲ್ಲೇ ನಿಲ್ಲಿಸಿ, ನನ್ನತ್ತ ನೋಡಿದರು.

ಇವರೇ ಇರಲಿ ಎಂದು ಹೇಳಿ ಕಾರ್ಯದರ್ಶಿ ಆಫೀಸಿನ ಕಡೆ ನಡೆದರು. ನನಗೆ ಕಣ್ಣು ತುಂಬಿ ಬಂತು. ಜೀನಿನಿಂದ ಇಳಿಯಲು ಕಾಲು ಎತ್ತಿದೆ. ಉಸ್ತಾದರು ಪುಸ್ತಕ ಕಿತ್ತುಕೊಂಡು ಗೀಚಿ ಮುಖಕ್ಕೆ ಹಿಡಿದರು.

"ಇಳೀಬ್ಯಾಡ್ರಿ. ಮತ್ತ ಮಾಡ್ರಿ."