ನೀರು ಬಿಡಲೊಲ್ಲದ ಪಾವೊರಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೈಮಾರಾದ ರಗ್ಬಿ ಮೈದಾನದ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಮೈದಾನ ನೋಡಿಕೊಳ್ಳುವ ಪಾವೊರಾ ತೌಕಾಮೊ ಮಂಡಿಯೂರಿ, ಕೈಗವಸು ಕಳಚಿಟ್ಟು, ಬರಿಗೈಯಲ್ಲಿ ಹುಲ್ಲು ಸವರುತ್ತಾ ಮುಂದೆ ಸರಿಯುತ್ತಿದ್ದಾರೆ. ಆಗಾಗ ನಿಂತು, ಏನನ್ನೋ ಹೆಕ್ಕಿ ಪಕ್ಕದ ತಗಡಿನ ಡಬ್ಬಕ್ಕೆ ಹಾಕುತ್ತಾರೆ. ಒಡೆದ ಬಾಟಲಿಯ ಚೂರು. ರಾತ್ರಿ ಯಾರೋ ಬೇಲಿಯಾಚೆಯಿಂದ ಎಸೆದು ಹೋಗಿದ್ದಾರೆ.

"ಕೈಗವಸು ಹಾಕ್ಕೊಂಡ್ರೆ ಮಂಜು ಯಾವ್ದು ಗಾಜು ಯಾವ್ದು ಗೊತ್ತಾಗಲ್ಲ" ಎನ್ನುತ್ತಾರೆ, ತಲೆ ಎತ್ತದೆ. "ಒಂಬತ್ತಕ್ಕೆ ಹುಡುಗ್ರು ಬರ್ತವೆ. ಎಲ್ಲಾ ಬರಿಗಾಲು. ಒಂದು ಚೂರು ಉಳಿದ್ರೂ ನನ್ನ ಎದೆ ನಿಲ್ಲತ್ತೆ."

ಎಸೆದವರು ಯಾರು? ಪಾವೊರಾ ಭುಜ ಕುಣಿಸುತ್ತಾರೆ. ಅವರ ಮೇಲೆ ಸಿಟ್ಟಿರುವವರು ಊರಿನ ಎರಡೂ ಕಡೆ ಇದ್ದಾರೆ. ವರ್ಣಭೇದ ನಡೆಸುವ ದಕ್ಷಿಣ ಆಫ್ರಿಕಾದ ತಂಡ ಇಲ್ಲಿ ಆಡಿಹೋಗಿ ವಾರಗಳೇ ಕಳೆದಿವೆ, ಆಡಲಿ ಎಂದವರಿಗೂ ಬೇಡವೆಂದವರಿಗೂ ಸಿಟ್ಟು ಆರಿಲ್ಲ. ತಂಡ ಇನ್ನೂ ದೇಶದಲ್ಲೇ ಇದೆ. ಪ್ರತಿ ಶನಿವಾರ ಒಂದೊಂದು ಊರಿನ ಸರದಿ. ಟೀವಿಯಲ್ಲಿ ಲಾಠಿ, ಹೆಲ್ಮೆಟ್ಟು, ಮುಳ್ಳುತಂತಿ. ಸಂಜೆ ಸುದ್ದಿ ಮುಗಿಯುವ ಹೊತ್ತಿಗೆ ಪ್ರತಿ ಮನೆಯಲ್ಲೂ ಯಾರೋ ಒಬ್ಬರು ತಟ್ಟೆ ಬಿಟ್ಟು ಎದ್ದಿರುತ್ತಾರೆ.

ಪಾವೊರಾ ಈ ಮೈದಾನದ ಕೆಲಸಕ್ಕೆ ಸೇರಿದ್ದು ಮಂಡಿ ಕೆಟ್ಟ ಮೇಲೆ. ಅದಕ್ಕೆ ಮೊದಲು ಇದೇ ಹುಲ್ಲಿನ ಮೇಲೆ ಪ್ರಾಂತ್ಯದ ತಂಡಕ್ಕೆ ಆಡುತ್ತಿದ್ದವರು. ಅಂಚಿನಲ್ಲಿ ಚೆಂಡು ಹಿಡಿದು ಓಡಿದರೆ ಹಿಡಿಯುವವರಿರಲಿಲ್ಲ ಎಂದು ಹಳಬರು ಈಗಲೂ ನೆನೆಯುತ್ತಾರೆ. ೧೯೬೦ರಲ್ಲಿ ನಮ್ಮ ದೇಶದ ತಂಡ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ಇವರ ಹೆಸರೂ ಜನರ ಬಾಯಲ್ಲಿತ್ತು. ಆದರೆ ಆ ದೇಶದ ವರ್ಣಭೇದಕ್ಕೆ ತಲೆಬಾಗಿ, ಈ ನೆಲದ ಮೂಲನಿವಾಸಿಗಳಾದ ಪಾವೊರಾರಂಥ ಮಾವೊರಿಗಳನ್ನೆಲ್ಲ ಮನೆಯಲ್ಲೇ ಬಿಟ್ಟು ತಂಡ ವಿಮಾನ ಹತ್ತಿತು.

"ಆವಾಗ ಯಾರೂ ನನಗೆ 'ನೀನು ಬೇಡ' ಅನ್ಲಿಲ್ಲ" ಎಂದು ಪಾವೊರಾ ನೆನೆಯುತ್ತಾರೆ. "ಸುಮ್ನೆ ಹೆಸರೇ ಎತ್ತಲಿಲ್ಲ. ನಮ್ಮಪ್ಪ ರೇಡಿಯೋ ಹಚ್ಚಿ ಎಲ್ಲಾ ಆಟ ಕೇಳಿದ. ನಾನು ಹೊರಗೆ ಸೌದೆ ಒಡೀತಿದ್ದೆ. ಆ ವರ್ಷ ನಮ್ಮನೇಲಿ ಸೌದೆಗೆ ಬರ ಇರ್ಲಿಲ್ಲ ಬಿಡಿ."

ಅಂಥವರೇ ಈ ಚಳಿಗಾಲ ಆ ದೇಶದ ತಂಡಕ್ಕಾಗಿ ಹುಲ್ಲು ಕತ್ತರಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಬೇಕಾಯಿತು. ಮಗಳು ಹೂಯಾ ಊರಿನ ಶಾಲೆಯಲ್ಲಿ ಟೀಚರು. ಪ್ರತಿಭಟನೆಯ ಗುಂಪಿನಲ್ಲಿ ಮುಂದೆ ನಿಲ್ಲುವವಳು. ಆಟಕ್ಕೆ ವಾರ ಇರುವಾಗ ಅಡುಗೆಮನೆಯಲ್ಲಿ ಜಗಳವೇ ಆಯಿತು.

"ಅಪ್ಪಾ, ಅವತ್ತೊಂದಿನ ಹುಷಾರಿಲ್ಲ ಅಂತ ಮಲ್ಕೋ. ಗೆರೆ ಇಲ್ದೆ ಹೇಗೆ ಆಡ್ತಾರೆ ನೋಡೋಣ."

"ನಾನು ಮಲ್ಕೊಂಡ್ರೆ ಇನ್ನೊಬ್ಬ ಬಂದು ಸೊಟ್ಟಗೆ ಎಳೀತಾನೆ."

"ತಮಾಷೆ ಸಾಕು. ನಿನ್ನನ್ನ ಬಿಟ್ಟು ಹೋದೋರು ಅವರು."

"ಬಿಟ್ಟು ಹೋದೋರು ನಮ್ಮೋರು, ಮಗಳೇ" ಎಂದಷ್ಟೇ ಹೇಳಿ ಪಾವೊರಾ ಎದ್ದು ಹೋದರು. ಕರಿದ ರೊಟ್ಟಿ ತಟ್ಟೆಯಲ್ಲೇ ತಣ್ಣಗಾಯಿತು. ಆಮೇಲೆ ಹೂಯಾ ಭಾನುವಾರದ ಊಟಕ್ಕೆ ಬರುವುದನ್ನೇ ನಿಲ್ಲಿಸಿದಳು.

ಆಟದ ದಿನ ವರದಿಗೆಂದು ನಾನೂ ಅಲ್ಲಿದ್ದೆ. ಸುತ್ತ ಮುಳ್ಳುತಂತಿ, ಬೀದಿ ತುಂಬ ಪೊಲೀಸರು. ತಂಡಗಳು ಇಳಿಯುವ ಸ್ವಲ್ಪ ಮುಂಚೆ ದಕ್ಷಿಣದ ಬೇಲಿ ಬಿತ್ತು. ಐವತ್ತು ಅರವತ್ತು ಜನ ನುಗ್ಗಿ, ಮೈದಾನದ ನಡುವೆ ತೋಳಿಗೆ ತೋಳು ಕೊಟ್ಟು ಕೂತುಬಿಟ್ಟರು. ಸ್ಟ್ಯಾಂಡಿನಿಂದ ಬಾಟಲಿಗಳು ಹಾರಿದವು. ಕೂತವರಲ್ಲಿ ಹೂಯಾ ಇದ್ದಳು. ಅವಳ ಪಕ್ಕ, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಮುದುಕಿ ಮಿಸ್ ಪಿಂಕ್ನಿ ಕಂಬಳಿ ಹೊದ್ದು ಕೂತಿದ್ದರು.

ಮೈದಾನಕ್ಕೆ ನೀರು ಹಾಯಿಸುವ ಪಂಪಿನ ಕೋಣೆಯ ಬೀಗದ ಕೈ ಇರುವುದು ಪಾವೊರಾ ಹತ್ತಿರ ಮಾತ್ರ. ರಗ್ಬಿ ಸಂಘದ ಅಧ್ಯಕ್ಷ ಲೆಸ್ ಗಾರ್ಬಟ್ ಓಡಿ ಬಂದರು. ಮುಖ ಕೆಂಪಗೆ ಉರಿಯುತ್ತಿತ್ತು.

"ನೀರು ಬಿಡು ಪಾವೊರಾ. ದೊಡ್ಡ ಪೈಪು ಹಿಡಿ. ಈ ಚಳೀಲಿ ಎಷ್ಟೊತ್ತು ಕೂರ್ತಾರೆ, ನಡುಗ್ತಾ ಎದ್ದು ಓಡ್ತಾರೆ."

"ಇವತ್ತು ನೀರು ಬಿಟ್ರೆ ನೆಲ ಕೆಸರಾಗತ್ತೆ, ಲೆಸ್."

"ನೆಲ ಹಾಳಾಗಿ ಹೋಗ್ಲಿ!"

"ಆ ಮುದುಕಿಗೆ ನ್ಯುಮೋನಿಯಾ ಆಗತ್ತೆ."

"ಮನೇಲಿ ಕೂರಬೇಕಿತ್ತು. ಕೀ ಕೊಡು ಇಲ್ಲಿ."

ಪಾವೊರಾ ಕೊಡಲಿಲ್ಲ. ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಮೆಟ್ಟಿಲ ಮೇಲೆ ಕೂತರು. ಸುತ್ತ ಜನ ಸೇರಿತು. "ಏನೋ, ಮಗಳಿಗೆ ಹುಲ್ಲಿನ ಹಾಸಿಗೆ ಹಾಸಿಕೊಟ್ಯಾ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಇಬ್ಬರು ಗಟ್ಟಿ ಆಳುಗಳು ಬಂದು ಕಾಲರ್ ಹಿಡಿದರು. ಅವರಿಬ್ಬರೂ ಇದೇ ಮೈದಾನದಲ್ಲಿ, ಇವರ ಕಣ್ಣೆದುರೇ ಚೆಂಡು ಹಿಡಿಯಲು ಕಲಿತವರು. ಪಾವೊರಾ ಆ ಇಬ್ಬರ ಮುಖವನ್ನೇ ನೋಡುತ್ತಿದ್ದರು. ಅವರಲ್ಲೊಬ್ಬ ಮೊದಲು ಕೈ ಬಿಟ್ಟ. ಇನ್ನೊಬ್ಬ ಉಗುಳಿ ಹೋದ.

ಪೊಲೀಸರು ಕೊನೆಗೆ ಒಬ್ಬೊಬ್ಬರನ್ನೇ ಎತ್ತಿ ವ್ಯಾನಿಗೆ ಹಾಕಿದರು. ಆಟ ತಡವಾಗಿ ಶುರುವಾಯಿತು. ಆದರೆ ಅದಕ್ಕೂ ಮೊದಲು ನಡೆದದ್ದನ್ನು ಪ್ರತಿಭಟನೆಯವರು ಇಂದಿಗೂ ಕ್ಷಮಿಸಿಲ್ಲ. ಕೂತವರ ಕೆಳಗೆ ಅಳಿಸಿಹೋಗಿದ್ದ ನಡುಗೆರೆಯನ್ನು ಪಾವೊರಾ ಸುಣ್ಣದ ಗಾಡಿ ತಂದು ಮತ್ತೆ ಎಳೆದರು. ವ್ಯಾನಿನ ಕಿಟಕಿಯಿಂದ ಹೂಯಾ ನೋಡುತ್ತಿದ್ದಳು.

"ನೀರು ಬಿಡ್ಲಿಲ್ಲ, ಸರಿ" ಎಂದು ಆಮೇಲೆ ಅವಳು ಫೋನಿನಲ್ಲಿ ಕೇಳಿದಳಂತೆ. "ಗೆರೆ ಯಾಕೆ ಎಳ್ದೆ ಅಪ್ಪಾ?"

ನಾನೂ ಅದನ್ನೇ ಕೇಳುತ್ತೇನೆ. ಪಾವೊರಾ ಇನ್ನೊಂದು ಚೂರು ಹೆಕ್ಕಿ ಡಬ್ಬಕ್ಕೆ ಹಾಕುತ್ತಾರೆ. "ಗೊತ್ತಿಲ್ಲ. ಕೈ ತಾನಾಗೇ ಗಾಡಿ ಹತ್ರ ಹೋಯ್ತು. ಎಳೀಬಾರದಿತ್ತು ಅಂತ ಕೆಲವು ರಾತ್ರಿ ಅನ್ಸತ್ತೆ. ಎಲ್ಲಾ ರಾತ್ರಿ ಅಲ್ಲ."

ಅಂದಿನಿಂದ ಮನೆಗೆ ಹೆಸರು ಹೇಳದವರ ಫೋನುಗಳು ಬರುತ್ತಿವೆ. ಹೆಂಡತಿ ಗಂಟೆ ಕೇಳಿದರೇ ಬೆಚ್ಚುತ್ತಾರೆ. ಕ್ಲಬ್ಬಿನಲ್ಲಿ ಇವರು ಕೂತ ಬೆಂಚು ಖಾಲಿಯಾಗುತ್ತದೆ. ಹೂಯಾಳ ಮೊಕದ್ದಮೆ ನಡೆದ ದಿನ ಪಾವೊರಾ ಇದ್ದ ಒಂದೇ ಕೋಟು ತೊಟ್ಟು ಕೋರ್ಟಿಗೆ ಹೋಗಿ, ಯಾರೂ ಕರೆಯದೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ದಂಡ ಕಟ್ಟಿ ಹೊರಬಂದ ಮಗಳು ಬಳಿಗೆ ಬಂದು, ಮಡಚಿಕೊಂಡಿದ್ದ ಅವರ ಕೋಟಿನ ಕಾಲರನ್ನು ಸರಿಮಾಡಿ ಹೋದಳು.

ಮೊನ್ನೆ ಗುರುವಾರ ಸಂಘದ ಸಭೆ ಇತ್ತು. ಇವರನ್ನು ಕೆಲಸದಿಂದ ತೆಗೆಯುವ ಮಾತಿಗಾಗಿಯೇ ಕರೆದದ್ದು. ಪಾವೊರಾ ಹೊರಗೆ ವರಾಂಡದಲ್ಲಿ ಟೋಪಿ ಹಿಂಡುತ್ತಾ ನಿಂತಿದ್ದರು. ಒಳಗೆ ಕೂಗಾಟ. ಕಡೆಗೆ ಬಾಗಿಲು ತೆರೆದು ಬಂದವರು ಗಾರ್ಬಟ್. ನೆಲ ನೋಡುತ್ತಲೇ ಹೇಳಿದರು: "ತೆಗೀಬೇಕು ಅಂದೋರು ಬಹಳ ಜನ ಇದ್ರು. ಕೈ ಎತ್ತಿ ಅಂದ್ರೆ ಎತ್ತಿದೋರು ಮೂರು ಮತ್ತೊಂದು. ಅದ್ರಲ್ಲಿ ನಾನೂ ಒಬ್ಬ, ಗೊತ್ತಿರ್ಲಿ. ನಾಳೆ ಕೆಲಸಕ್ಕೆ ಬಾ."

"ಬರ್ತೀನಿ" ಎಂದರು ಪಾವೊರಾ. ಮನೆಗೆ ನಡೆದು ಹೋಗುವಾಗ ದಾರಿಯ ಗೋಡೆ ಮೇಲೆ ಕೂತರಂತೆ.

ಈಗ ಬಿಸಿಲು ಬಿದ್ದು ಇಬ್ಬನಿ ಕರಗುತ್ತಿದೆ. ಗೇಟಿನ ಹತ್ತಿರ ಮೊದಲ ಮಕ್ಕಳ ಗಲಾಟೆ ಕೇಳುತ್ತಿದೆ. ಹೊರಡುವ ಮುನ್ನ ಊರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ: ನೀವು ಯಾರ ಕಡೆ?

ಪಾವೊರಾ ಮಂಡಿ ಹಿಡಿದು ನಿಧಾನವಾಗಿ ಏಳುತ್ತಾರೆ.

"ಆಟ ಅಂದ್ರೆ ನನಗೆ ಪ್ರಾಣ. ಅಂಗಳ ಸಾರಿಸೋನು ನಾನು. ಮುಂದಿನ ಸಲ ಯಾರನ್ನ ಮನೆಗೆ ಕರೀಬೇಕು ಅಂತ ನನ್ನನ್ನೂ ಒಂದು ಮಾತು ಕೇಳ್ಲಿ. ಅಷ್ಟು ಸಾಕು."